ಹೊಸ ಬಡಾವಣೆಗೆ ಹಿರಿಯರಿಲ್ಲ

ಬೈಲಹೊಂಗಲದಿಂದ ಯಾವ ದಿಕ್ಕಿಗೆ ಹೊರಟರೂ 'ಇಲ್ಲಿಗೆ ಊರು ಮುಗೀತು' ಎಂದು ಕೈ ಮಾಡಿ ತೋರಿಸುವ ಜಾಗ ಈಗ ಸಿಗುವುದಿಲ್ಲ. ಹತ್ತಿಯೋ ಕಡಲೆಯೋ ಇರಬೇಕಾದ ಎರೆಹೊಲದಲ್ಲಿ ಸಿಮೆಂಟಿನ ಗಡಿಕಲ್ಲುಗಳು ಸಾಲಾಗಿ ನಿಂತಿವೆ. ರಸ್ತೆಯ ಬದಿಗೆ ಒಂದು ಕಮಾನು, ಅದರ ಮೇಲೆ ದೇವರದೋ ಶರಣರದೋ ವೀರರದೋ ಹೆಸರು, ಹೆಸರಿನ ಬೆನ್ನಿಗೆ 'ನಗರ'. ಸವದತ್ತಿ, ರಾಮದುರ್ಗ, ಕಿತ್ತೂರಿನ ಅಂಚಿನಲ್ಲೂ ಇದೇ ನೋಟ. ಕಮಾನಿನ ಮೇಲೆ ಏನೇ ಬರೆದಿರಲಿ, ಜನರ ಬಾಯಲ್ಲಿ ಅದು 'ಪ್ಲಾಟು'. "ಮನಿ ಎಲ್ಲಿ ಕಟ್ಟಿಸೀರಿ?" ಎಂದರೆ "ಪ್ಲಾಟಿನ್ಯಾಗ್ರಿ" ಎಂಬ ಉತ್ತರ ಬರುತ್ತದೆ, ತುಸು ಹೆಮ್ಮೆಯಿಂದಲೇ.

ಹೆಮ್ಮೆ ಪಡುವುದರಲ್ಲಿ ತಪ್ಪೇನಿಲ್ಲ. ಅಲ್ಲಿ ಮನೆ ಕಟ್ಟಿದವರು ನಿವೃತ್ತ ಮಾಸ್ತರರು, ಸೈನ್ಯದಿಂದ ಮರಳಿದವರು, ಸಾರಿಗೆ ಸಂಸ್ಥೆಯ ಕಂಡಕ್ಟರುಗಳು, ಅಡತಿ ಅಂಗಡಿಯವರು, ಮಕ್ಕಳ ಸಾಲಿಗಾಗಿ ಹಳ್ಳಿ ಬಿಟ್ಟು ಬಂದ ರೈತರು. ಒಬ್ಬೊಬ್ಬರೂ ಜೀವಮಾನದ ದುಡಿಮೆಯನ್ನು ಆ ಮೂವತ್ತು–ನಲವತ್ತರ ಜಾಗದಲ್ಲಿ ಸುರಿದಿದ್ದಾರೆ. ಗೃಹಪ್ರವೇಶ ಮುಗಿದು, ನೆಂಟರು ಹೋಗಿ, ಮೊದಲ ಮಳೆ ಬಿದ್ದ ಮೇಲೆ ಗೊತ್ತಾಗುತ್ತದೆ, ಮನೆಯೇನೋ ಬಂತು, ಊರು ಬರಲಿಲ್ಲ ಎಂದು.

ಆಮೇಲೆ ಶುರುವಾಗುತ್ತದೆ ಸಂಜೆಯ ಮಾತು. ಸಿಡಿಯ (ರಸ್ತೆಯಡಿಯ ಮೋರಿಯ) ಮೇಲೆ ಕೂತವರು, ವಾಕಿಂಗ್ ಹೊರಟವರು, ಹಾಲು ತರಲು ಬಂದವರು, ಎಲ್ಲರ ಬಳಿಯೂ ಒಂದೊಂದು ಯೋಜನೆ ಇದೆ. "ಇಲ್ಲೊಂದು ಗಟಾರ ಆಗಬೇಕ್ರಿ." "ಗಾರ್ಡನ್ ಜಾಗಾಕ್ಕ ತಂತಿ ಬೇಲಿ ಹಾಕಿಸಿದ್ರ ಹಂದಿ ಬರಂಗಿಲ್ಲ." "ಬಸ್ಸು ಕ್ರಾಸಿನ್ಯಾಗ ಇಳಿಸಿ ಹೋಗತೈತಿ, ಕತ್ತಲದಾಗ ಹೆಣ್ಮಕ್ಕಳು ಹೆಂಗ ಬರಬೇಕು? ಮೂರು ದೀಪ ಹಾಕಿದ್ರ ಸಾಕು." "ಕ್ಯಾಮೆರಾ ಕೂಡ್ರಸೂಣು ಸರ, ಕಳವು ಆಗ್ಯಾವು." ಹುಡುಗರಿಗೆ ಓಪನ್ ಜಿಮ್ ಬೇಕು, ಹಿರಿಯರಿಗೆ ಕೂಡಲು ಕಲ್ಲುಬೆಂಚು ಬೇಕು, ಹೆಣ್ಣುಮಕ್ಕಳಿಗೆ ನಳಕ್ಕೆ ನೀರು ಎಂದು ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಗೊತ್ತಾದರೆ ಸಾಕು.

ಇವು ಯಾವುವೂ ಅಲ್ಲಗಳೆಯುವ ಮಾತುಗಳಲ್ಲ. ಬೆಂಗಳೂರಿನಲ್ಲಿ ಕೂತು ಪಟ್ಟಣಗಳ ಯೋಜನೆ ಬರೆಯುವವರಿಗಿಂತ ಈ ಮಾಸ್ತರರಿಗೆ, ಈ ಅಕ್ಕಂದಿರಿಗೆ ಅಲ್ಲಿಯ ಕಷ್ಟ ಚೆನ್ನಾಗಿ ಗೊತ್ತು. ಆದರೂ ವರ್ಷಗಟ್ಟಲೆ ಇದೇ ಮಾತು ಇದೇ ಸಿಡಿಯ ಮೇಲೆ ಆಡಿದರೂ ಗಟಾರ ಆಗುವುದಿಲ್ಲ. ಪುರಸಭೆಯವರು ಸರಿಯಿಲ್ಲ ಎಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಪುರಸಭೆಯ ತಪ್ಪು ಇಲ್ಲ ಎಂದು ನಾನೂ ಹೇಳುವುದಿಲ್ಲ. ಆದರೆ ಈ ಸಲಹೆಗಳನ್ನು ಕಿವಿಗೊಟ್ಟು ಕೇಳಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಪ್ರತಿಯೊಂದು ಸಲಹೆಯೂ ನಮ್ಮ ಮನೆಯ ಅಂಗಳದಲ್ಲಿ ಹುಟ್ಟಿ ನೇರವಾಗಿ ಪುರಸಭೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ನಡುವೆ ಇರುವ ನಲವತ್ತು ಮನೆಗಳ ಯಾವ ಬಾಗಿಲನ್ನೂ ಅದು ತಟ್ಟುವುದಿಲ್ಲ.

ಗಟಾರದ ಮಾತನ್ನೇ ತೆಗೆದುಕೊಳ್ಳೋಣ. ಈ ನಾಡಿನದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದಕ್ಕೇ ಬಲ್ಲ ಗೌಂಡಿ ಗರಸು ಸಿಗುವವರೆಗೆ ಬುನಾದಿ ಅಗೆಯದೆ ಕಲ್ಲು ಇಡುವುದಿಲ್ಲ. ಒಮ್ಮೆ ತೊಯ್ದ ಎರೆಯೊಳಗೆ ನೀರು ಬೇಗ ಇಂಗುವುದಿಲ್ಲ, ಮೇಲ್ಮೈಯಲ್ಲೇ ಹರಿಯುತ್ತದೆ. ಇದನ್ನು ತಲೆಮಾರುಗಳಿಂದ ಅರಿತ ರೈತ ಹೊಲಕ್ಕೆ ಒಡ್ಡು ಹಾಕಿದ್ದ. ಒಡ್ಡಿನಲ್ಲಿ ಇಂಥ ಕಡೆ ಕಲ್ಲು ಜೋಡಿಸಿ ಹೆಚ್ಚಾದ ನೀರಿಗೆ ದಾರಿ ಬಿಟ್ಟಿದ್ದ. ಅವನ ಹೊಲದ ನೀರು ಕೆಳಗಿನವನ ಹೊಲಕ್ಕೆ ಎಲ್ಲಿ ಇಳಿಯಬೇಕು, ಅಲ್ಲಿಂದ ಹಳ್ಳಕ್ಕೆ ಹೇಗೆ ಸೇರಬೇಕು ಎನ್ನುವುದು ಎರಡು ಮನೆತನಗಳ ಜಗಳ ಮತ್ತು ರಾಜಿಯ ಫಲ. ಬರೆದಿಟ್ಟ ಕಾಗದ ಇರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು.

ಹೊಲ ಮಾರಾಟವಾಯಿತು, ಕೃಷಿಯೇತರ ಎಂದು ಎನ್‌ಎ ಆಯಿತು, ಒಂದು ದಿನ ಜೆಸಿಬಿ ಬಂದು ಒಡ್ಡು, ಬದು, ನೀರಿನ ದಾರಿ ಎಲ್ಲವನ್ನೂ ಸಪಾಟು ಮಾಡಿತು. ನಕ್ಷೆಯಲ್ಲಿ ಗೆರೆ ನೆಟ್ಟಗಿತ್ತು. ಮೊದಲ ದೊಡ್ಡ ಮಳೆಗೆ ನೀರು ತನ್ನ ಹಳೆಯ ದಾರಿ ಹಿಡಿದೇ ಬಂತು. ಅಲ್ಲೀಗ ಯಾರದೋ ಪಡಸಾಲೆ. ಆ ಮನೆಯವರು ಸಾಲ ಮಾಡಿ ಅಂಗಳಕ್ಕೆ ಎರಡು ಅಡಿ ಮಣ್ಣು ತುಂಬಿಸಿದರು, ನೀರು ಪಕ್ಕದವರ ಮನೆಗೆ ತಿರುಗಿತು. ಪಕ್ಕದವರು ಮೂರು ಅಡಿ ಏರಿಸಿದರು. ಮೂರನೆಯವರು ಹೊಸದಾಗಿ ಕಟ್ಟುವಾಗ ಇದನ್ನೆಲ್ಲ ನೋಡಿ ಬುದ್ಧಿ ಕಲಿತು ನಾಲ್ಕು ಅಡಿ ಎತ್ತರಿಸಿದರು. ಆಮೇಲೆ ಯಾರದೋ ಅನುದಾನದಲ್ಲಿ ಸಿಸಿ ರಸ್ತೆ ಬಂತು, ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೇ ಹಾಕಿದರು, ಮೊದಲು ಕಟ್ಟಿದವರ ಹೊಸ್ತಿಲು ರಸ್ತೆಗಿಂತ ಕೆಳಗಾಯಿತು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರೂ ತಮ್ಮ ಮನೆಯನ್ನು ಸುಧಾರಿಸಿಕೊಂಡವರೇ. ಒಬ್ಬೊಬ್ಬರ ಸುಧಾರಣೆಯೂ ಪಕ್ಕದವರ ಮನೆಯೊಳಗೆ ನೀರಾಗಿ ಹೊಕ್ಕಿತು, ಅಷ್ಟೆ.

ನೀರು ಎಲ್ಲಿ ಹರಿಯುತ್ತಿತ್ತು ಎಂಬುದನ್ನು ಬಲ್ಲವನು ಹೊಲ ಮಾರಿದ ರೈತ, ಇಲ್ಲವೆ ಅವನಲ್ಲಿ ದುಡಿಯುತ್ತಿದ್ದ ಆಳು. ಇಬ್ಬರೂ ಹೆಚ್ಚಾಗಿ ಇದೇ ಊರಿನಲ್ಲಿ ಇನ್ನೂ ಬದುಕಿದ್ದಾರೆ. ಬಡಾವಣೆಯ ಗಟಾರದ ಬಗ್ಗೆ ಎಂಜಿನಿಯರರನ್ನು ಕೇಳಿದವರಿದ್ದಾರೆ, ಪುರಸಭೆಯ ಸದಸ್ಯರನ್ನು ಕೇಳಿದವರಿದ್ದಾರೆ. "ಕಾಕಾ, ನಿಮ್ಮ ಹೊಲದಾಗ ಮಳಿ ನೀರು ಯಾ ಕಡೆ ಹೋಗತಿತ್ತು?" ಎಂದು ಆ ಮುದುಕನನ್ನು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ.

ಹಳೆಯ ಊರಿನಲ್ಲಿ ಹೀಗಿರಲಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅದರಲ್ಲಿ ಸತ್ಯವಿದೆ. ಗ್ರಾಮದೇವಿಯ ಜಾತ್ರೆ ಗೊತ್ತಾಯಿತೆಂದರೆ ಸಾಕು, ಓಣಿಯ ಹಿರಿಯರು ಕೂಡಿ ಪಟ್ಟಿ ಎತ್ತುತ್ತಾರೆ. ಮನೆಗಿಷ್ಟು, ಕೂರಿಗೆಗಿಷ್ಟು, ಅಂಗಡಿಗಿಷ್ಟು. ಇಲ್ಲದವನದು ಕಡಿಮೆ, ಉಳ್ಳವನದು ಹೆಚ್ಚು. ತಿಪ್ಪೆಗಳು ಊರ ಹೊರಗೆ ಹೋಗುತ್ತವೆ, ಗೋಡೆಗೆ ಸುಣ್ಣ ಬೀಳುತ್ತದೆ, ತೇರು ಹೋಗುವ ದಾರಿಯ ತಗ್ಗು ಮುಚ್ಚುತ್ತದೆ, ದಾರಿಗೆ ಚಾಚಿದ ಪಡಸಾಲೆಯ ತಗಡನ್ನು ಮನೆಯವನೇ ಬಿಚ್ಚಿಡುತ್ತಾನೆ. ಯಾವ ನೋಟೀಸೂ ಇಲ್ಲದೆ ಆಗುವ ಒತ್ತುವರಿ ತೆರವು ಅದೊಂದೇ ಇರಬೇಕು! ಲೆಕ್ಕವನ್ನು ಗುಡಿಯ ಕಟ್ಟೆಯ ಮೇಲೆ ಎಲ್ಲರೆದುರು ಓದುತ್ತಾರೆ. ಈ ವಾಡಿಕೆಯ ಬೇರು ಬಹಳ ಆಳ. ರಟ್ಟರ ಕಾಲಕ್ಕೆ ಸುಗಂಧವರ್ತಿ ಎನಿಸಿಕೊಂಡು ರಾಜಧಾನಿಯಾಗಿದ್ದ ಊರು ಸವದತ್ತಿ. ಈ ಸೀಮೆಯ ಹಳೆಯ ಶಾಸನಗಳಲ್ಲಿ ಗಾಣದವರು ಇಷ್ಟು ಎಣ್ಣೆ, ವರ್ತಕರು ಹೇರಿಗೆ ಇಷ್ಟು ಎಲೆ ಎಂದು ಗುಡಿಗೆ, ಕೆರೆಗೆ ಬಿಟ್ಟುಕೊಟ್ಟ ಲೆಕ್ಕ ಕಲ್ಲಿನ ಮೇಲೆ ನಿಂತಿದೆ. ಸವದತ್ತಿ ತಾಲೂಕಿನದೇ ಸಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು. ಕೊಟ್ಟವನ ಮಾತಿಗೆ ತೂಕ ಇರುತ್ತದೆ ಎಂಬುದನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಿಲ್ಲ.

ಆದರೆ ಹಳೆಯ ಓಣಿಯನ್ನು ಹೊಗಳುವಾಗ ಅರ್ಧಕ್ಕೆ ನಿಲ್ಲಿಸುವುದು ಅಪ್ರಾಮಾಣಿಕತೆ. ಓಣಿ ಎಂದರೆ ಹೆಚ್ಚಾಗಿ ಒಂದು ಜಾತಿಯ ಓಣಿ. ಹಿರಿಯರು ಎಂದರೆ ಇಂಥ ಮನೆತನದ ಗಂಡಸರು. ಪಟ್ಟಿ ಎತ್ತುವಾಗ ಎಲ್ಲರ ಮನೆಗೂ ಬಂದವರು, ಎಲ್ಲಿ ಬಾವಿ ತೋಡಬೇಕು ಎಂದು ತೀರ್ಮಾನಿಸುವಾಗ ಎಲ್ಲರ ಮನೆಗೂ ಹೋಗಲಿಲ್ಲ. ಊರು ಸ್ವಚ್ಛವಾಗುವಾಗ ತಿಪ್ಪೆ ಸಾಗಿದ್ದು ಯಾರ ಕೇರಿಯ ಕಡೆಗೆ ಎಂದು ಕೇಳಿದರೆ ಹಿರಿಯರು ಮಾತು ತಿರುಗಿಸುತ್ತಾರೆ. ಅಂದಿನ ಒಗ್ಗಟ್ಟಿಗೆ ಆ ಬೆಲೆಯನ್ನು ಯಾರೋ ತೆತ್ತಿದ್ದರು.

ಹೊಸ ಬಡಾವಣೆಯ ಒಳ್ಳೆಯತನ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ಎಲ್ಲ ಕಡೆಯೂ ಅಲ್ಲ. ಜಾತಿ ಕೇಳಿಯೇ ಪ್ಲಾಟು ಮಾರುವವರು, ಹೆಸರು ಕೇಳಿ ಬಾಡಿಗೆ ಮನೆ 'ಖಾಲಿ ಇಲ್ಲ' ಎನ್ನುವವರು ಇಂದಿಗೂ ಇದ್ದಾರೆ. ಆದರೂ ಹಳೆಯ ಊರಿನಲ್ಲಿ ಎಂದೂ ಅಕ್ಕಪಕ್ಕ ಇರದಿದ್ದ ಮನೆಗಳು ಇಲ್ಲಿ ಒಂದೇ ಗೋಡೆಗೆ ಬೆನ್ನು ಹಚ್ಚಿವೆ. ಇಲ್ಲಿ ಯಾರಿಗೆ ಯಾರೂ ಗೌಡರಲ್ಲ. ಅದಕ್ಕೇ ಇಲ್ಲಿ ಹಿರಿಯರೂ ಇಲ್ಲ. ಪಟ್ಟಿ ಎತ್ತಲು ಹೊರಟರೆ "ಇವರ್ಯಾರು ಕೇಳಾಕ?" ಎಂಬ ಮಾತು ಹಿಂದಿನಿಂದ ಬರುತ್ತದೆ. ಹಳೆಯ ಅಧಿಕಾರ ಹೋಯಿತು, ಒಳ್ಳೆಯದಾಯಿತು. ಆ ಜಾಗಕ್ಕೆ ಬರಬೇಕಾದ ಹೊಸ ನಂಬಿಕೆ ಇನ್ನೂ ಬಂದಿಲ್ಲ. ಗಣಪತಿ ಕೂರಿಸಲು ಹುಡುಗರು ವಂತಿಗೆ ಕೇಳಿದರೆ ಐನೂರು ಕೊಡುವ ಮನೆ, ಮುಂದಿನ ಚೌಕದ ಸಿಡಿಯ ಕೆಳಗೆ ತುಂಬಿದ ಹೂಳು ತೆಗೆಸಲು ಐವತ್ತು ಕೊಡದಿರುವುದು ಜಿಪುಣತನದಿಂದಲ್ಲ. ಗಣಪತಿ ಎಲ್ಲರವನು ಎಂದು ಗೊತ್ತಿದೆ, ಗಟಾರ ಯಾರದು ಎಂದು ಗೊತ್ತಿಲ್ಲ.

ನಿಜಕ್ಕೂ ಗೊತ್ತಿಲ್ಲ. ಬಡಾವಣೆ ಮಾಡಿದವರು ರಸ್ತೆ, ಗಟಾರ, ದೀಪ, ಉದ್ಯಾನದ ಜಾಗವನ್ನು ಸರಿಮಾಡಿ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಹಲವು ಕಡೆ ಈ ಹಸ್ತಾಂತರವೇ ಆಗಿರುವುದಿಲ್ಲ. ಪುರಸಭೆಗೆ ಹೋದರೆ "ಅದು ಇನ್ನೂ ನಮಗ ಹ್ಯಾಂಡ್‌ಓವರ್ ಆಗಿಲ್ರಿ" ಎನ್ನುತ್ತಾರೆ. ಪ್ಲಾಟು ಮಾರಿದವರ ಹತ್ತಿರ ಹೋದರೆ "ನಾವು ಎಲ್ಲಾ ಮಾರಿ ಮುಗಿಸೇವಿ" ಎನ್ನುತ್ತಾರೆ. ಇಬ್ಬರ ನಡುವೆ ಗಟಾರ ಮಳೆಗಾಲದಲ್ಲಿ ತುಂಬುತ್ತದೆ. ನಮ್ಮ ಬಡಾವಣೆ ಹಸ್ತಾಂತರವಾಗಿದೆಯೇ ಎಂಬ ಒಂದು ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯುವುದು, ಹತ್ತು ಸಲಹೆಗಳಿಗಿಂತ ಮೊದಲು ಆಗಬೇಕಾದ ಕೆಲಸ. ಅದಕ್ಕೆ ಖರ್ಚು ಮಾಹಿತಿ ಹಕ್ಕಿನ ಅರ್ಜಿಯ ಹತ್ತು ರೂಪಾಯಿ.

ಉದ್ಯಾನದ ಜಾಗದ್ದು ಬೇರೆಯೇ ಕಥೆ. ಖಾಲಿ ಜಾಗ ಖಾಲಿಯಾಗಿಯೇ ಇರುವುದನ್ನು ನಮ್ಮ ಕಣ್ಣು ಸಹಿಸುವುದಿಲ್ಲ. ಒಂದು ಗುಡಿ, ಒಂದು ಸಮುದಾಯ ಭವನ, ಇಲ್ಲವೆ ಯಾರದೋ ಮರಳಿನ ರಾಶಿ. ಗುಡಿಗೆ ಬೇಡ ಎನ್ನುವ ಧೈರ್ಯ ಯಾರಿಗಿದೆ? ಈ ವಿಷಯದಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆ ದೇಶಕ್ಕೆಲ್ಲ ದಾರಿ ತೋರಿಸಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲಾಗಿತ್ತು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆ ಒಳ್ಳೆಯದಲ್ಲವೇ, ಇವರಿಗೇನು ಹಕ್ಕು ಎಂಬ ವಾದ ಬಂತು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ನಿಂತಿತು. ಉದ್ಯಾನದ ಜಾಗ ಸಾರ್ವಜನಿಕರದು, ಅದನ್ನು ಹೀಗೆ ಬೇರೆಯವರಿಗೆ ಕೊಡಲು ಬರುವುದಿಲ್ಲ, ಅಲ್ಲಿ ವಾಸಿಸುವವರಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂಬುದು ತೀರ್ಪಿನ ಸಾರ. ಅಂದು ನಿವಾಸಿಗಳು ತಮಗೆ ಹೊಸದೇನನ್ನೂ ಕೇಳಿರಲಿಲ್ಲ. ಇದ್ದದ್ದು ಇದ್ದ ಹಾಗೆ ಇರಲಿ ಎಂದು ಕೇಳಿದ್ದರು. ಸುಧಾರಣೆ ಎಂದರೆ ಏನನ್ನಾದರೂ ಕಟ್ಟುವುದೇ ಎಂದು ತಿಳಿದ ನಮಗೆ, ಕಟ್ಟದೆ ಬಿಡುವುದೂ ಒಂದು ಸುಧಾರಣೆ ಎಂದು ಹೊಳೆಯುವುದು ಕಷ್ಟ.

ಕಟ್ಟುವ ಉತ್ಸಾಹಕ್ಕೆ ನಮ್ಮ ನಾಲ್ಕು ಊರುಗಳಲ್ಲಿ ಕೊರತೆಯೇನಿಲ್ಲ. ಕಿತ್ತೂರಿನಲ್ಲಿ ಪ್ರತಿ ವರ್ಷ ಅಕ್ಟೋಬರ್ 23ರಿಂದ ಮೂರು ದಿನ ಉತ್ಸವ. 1824ರ ಅದೇ ದಿನ ರಾಣಿ ಚನ್ನಮ್ಮನ ಸೇನೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿತ್ತು, 2024ಕ್ಕೆ ಇನ್ನೂರು ವರ್ಷ ತುಂಬಿತು. ಉತ್ಸವದ ಮುಂಚೆ ತಗ್ಗುಗಳಿಗೆ ಡಾಂಬರು, ಕಂಬಗಳಿಗೆ ದೀಪ. ನವೆಂಬರಿನಲ್ಲಿ ಆ ಊರಿನ ಒಳದಾರಿಗಳಲ್ಲಿ ಒಮ್ಮೆ ನಡೆದು ನೋಡಬೇಕು. ಸವದತ್ತಿಯಲ್ಲಿ ಊರಿಗೆ ಐದಾರು ಕಿಲೋಮೀಟರ್ ದೂರದ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಾಂತರ ಜನ ಬರುತ್ತಾರೆ. ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರದಿಂದ ಸುಮಾರು 100 ಕೋಟಿ ರೂಪಾಯಿ ಮಂಜೂರಾಯಿತು. ಆಗಲಿ, ಬರುವ ಭಕ್ತರಿಗೆ ನೆರಳು, ನೀರು, ಶೌಚಾಲಯ ಬೇಕೇ ಬೇಕು. ಆದರೆ ಗುಡ್ಡದ ಕೆಳಗಿನ ಊರಿನಲ್ಲಿ ವರ್ಷವಿಡೀ ಇರುವವರೂ ಮನುಷ್ಯರೇ. ನವಿಲುತೀರ್ಥದ ರೇಣುಕಾಸಾಗರ ಸವದತ್ತಿಯ ಮಗ್ಗುಲಲ್ಲಿದೆ, ಅದರ ನೀರು ಹುಬ್ಬಳ್ಳಿ–ಧಾರವಾಡದವರೆಗೆ ಹೋಗುತ್ತದೆ. ಆ ನೀರಿನ ದಂಡೆಯ ಊರುಗಳಲ್ಲಿ ಸರದಿಯ ನಳಕ್ಕೆ ಕಾಯುವ ತಾಯಂದಿರಿಗೆ ಭೂಗೋಳದ ಪಾಠ ಹೇಳುವುದು ನನ್ನಿಂದಾಗದು.

ರಾಮದುರ್ಗದಲ್ಲಿ ಸಮಸ್ಯೆ ಇನ್ನೂ ಕಠಿಣ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟು ತುಂಬಿ ಗೇಟು ತೆರೆದಾಗ ಮಲಪ್ರಭಾ ನದಿಯು ದಂಡೆಯ ಹಳ್ಳಿಗಳಿಗೂ ಪಟ್ಟಣದ ತಗ್ಗಿನ ಓಣಿಗಳಿಗೂ ನುಗ್ಗಿತು. ಮಗ್ಗದ ಕುಣಿಯಲ್ಲಿ ನೀರು ನಿಂತ ನೇಕಾರನಿಗೆ ನಷ್ಟವಾದದ್ದು ಮನೆ ಮಾತ್ರವಲ್ಲ, ದುಡಿಮೆಯೂ. ಎತ್ತರದ ಬಡಾವಣೆಯವರು ಆ ದಿನಗಳಲ್ಲಿ ಅನ್ನ ಬೇಯಿಸಿ ಕೊಟ್ಟರು, ಬಟ್ಟೆ ಕೊಟ್ಟರು. ನಮ್ಮ ಜನರ ಕೈ ಸಣ್ಣದಲ್ಲ. ಆದರೆ ನೀರು ಇಳಿದ ಮೇಲೆ ಊರಿನ ಸುಧಾರಣೆ ಎಂಬ ಮಾತು ಬಂದಾಗ ಆ ತಗ್ಗಿನ ಓಣಿ ಎಷ್ಟು ಜನರ ಪಟ್ಟಿಯಲ್ಲಿ ಮೊದಲಿಗೆ ಬರುತ್ತದೆ? ಆಪತ್ತಿನಲ್ಲಿ ಕೊಡುವುದು ಕರುಣೆ. ಆಪತ್ತು ಇಲ್ಲದಾಗ ಅವರನ್ನು ನೆನೆದು ನನ್ನ ಗಲ್ಲಿಯ ದೀಪ ಮುಂದಿನ ವರ್ಷಕ್ಕಿರಲಿ ಎನ್ನುವುದು ನ್ಯಾಯ. ಮೊದಲನೆಯದು ನಮಗೆ ಸಲೀಸು, ಎರಡನೆಯದು ಹಾಗಲ್ಲ.

ಅದೇ ರಾಮದುರ್ಗಕ್ಕೆ ಇನ್ನೊಂದು ನೆನಪಿದೆ. ಸಂಸ್ಥಾನದ ಕಾಲದಲ್ಲಿ ತೆರಿಗೆಯ ಭಾರ ಇಳಿಸಬೇಕೆಂದು ಪ್ರಜಾಸಂಘ ಕೇಳಿಕೊಂಡಿತ್ತು. ಮಾತು ಮುರಿದು ಮುಂದಾಳುಗಳ ಬಂಧನವಾಗಿ, 1939ರ ಏಪ್ರಿಲಿನಲ್ಲಿ ಜನ ಸಿಟ್ಟಿಗೆದ್ದು ನುಗ್ಗಿದರು. ಜನರೂ ಸತ್ತರು, ಪೊಲೀಸರೂ ಸತ್ತರು. ಗಾಂಧೀಜಿ ಆ ಹಿಂಸೆಯನ್ನು ಒಪ್ಪಲಿಲ್ಲ. ಬೀದಿದೀಪದ ಮಾತಾಡುವಾಗ ಅದನ್ನೇಕೆ ಎತ್ತಬೇಕು ಎನ್ನಬಹುದು. ಕೇಳಿದ್ದನ್ನು ಕೂತು ಆಲಿಸುವ ಒಂದು ಜಾಗ ಇಲ್ಲದಿದ್ದರೆ ಊರಿನ ಮಾತು ಒಂದೋ ಸಿಡಿಯ ಮೇಲಿನ ಗೊಣಗಾಟವಾಗಿ ಸಾಯುತ್ತದೆ, ಇಲ್ಲವೆ ಎಂದೋ ಒಮ್ಮೆ ರಸ್ತೆ ತಡೆಯಾಗಿ, ಟೈರಿನ ಬೆಂಕಿಯಾಗಿ ಏಳುತ್ತದೆ ಎಂಬುದಕ್ಕೆ.

ಆ ಜಾಗ ನಮ್ಮಂಥ ಊರುಗಳಿಗೆ ಕಾನೂನಿನಲ್ಲೂ ಇಲ್ಲ ಎಂಬುದು ಬಹಳ ಜನರಿಗೆ ತಿಳಿಯದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಬೆಳಗಾವಿಗೆ ಅದು ಅನ್ವಯಿಸುತ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರು ನಾಲ್ಕೂ ಪಟ್ಟಣಗಳನ್ನು ಕೂಡಿಸಿದರೂ 3 ಲಕ್ಷ ಆಗದು. ಇತ್ತ ಹಳ್ಳಿಗಳಿಗೆ ಗ್ರಾಮಸಭೆ ಇದೆ, ಆರು ತಿಂಗಳಿಗೊಮ್ಮೆಯಾದರೂ ಸೇರಬೇಕಾದ ವಾರ್ಡ್ ಸಭೆ ಇದೆ. ಅಲ್ಲಿ ಕೂಲಿಕಾರ ಹೆಣ್ಣುಮಗಳೂ ಎದ್ದು ನಿಂತು ಚರಂಡಿ ಕೇಳಬಹುದು. ದೊಡ್ಡ ನಗರದವನಿಗೆ ಕಾನೂನು ಒಂದು ಕುರ್ಚಿ ಇಟ್ಟಿದೆ, ಹಳ್ಳಿಯವನಿಗೆ ಒಂದು ಕಟ್ಟೆ ಕೊಟ್ಟಿದೆ, ನಡುವಿನ ಪಟ್ಟಣದವನು ನಿಂತೇ ಇದ್ದಾನೆ. ಐದು ವರ್ಷಕ್ಕೊಮ್ಮೆ ಓಟು ಹಾಕುವುದನ್ನು ಬಿಟ್ಟರೆ ಅವನ ಸಲಹೆ ಹೇಳಿಕೊಳ್ಳಲು ಕಡ್ಡಾಯದ ಸಭೆಯಿಲ್ಲ. ಇನ್ನೂ ತಮಾಷೆ ಎಂದರೆ, ಊರಂಚಿನ ಎಷ್ಟೋ ಬಡಾವಣೆಗಳು ಪುರಸಭೆಯ ಹದ್ದಿನ ಹೊರಗೆ, ಪಕ್ಕದ ಗ್ರಾಮ ಪಂಚಾಯಿತಿಯಲ್ಲಿವೆ. ಅಲ್ಲಿಯವರಿಗೆ ವಾರ್ಡ್ ಸಭೆಯ ಹಕ್ಕಿದೆ. ಅವರು ಹೋಗುವುದಿಲ್ಲ. "ನಾವು ಸಿಟಿ ಮಂದಿ, ಪಂಚಾಯ್ತಿಗೆ ಏನ್ ಹೋಗೂದು?"

ಸಭೆ ಸೇರಿದರೂ ಅಲ್ಲಿ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಎಂದು ನೋಡುವುದು ನನ್ನ ಚಾಳಿ. ಸ್ವಂತ ಮನೆಯ ಗಂಡಸರು ಇರುತ್ತಾರೆ. ಬಾಡಿಗೆಯವರು ಇರುವುದಿಲ್ಲ, ಅವರು ನಾಳೆ ಹೋಗುವವರಂತೆ. ಹತ್ತು ವರ್ಷ ಅದೇ ಓಣಿಯಲ್ಲಿ ಬಾಡಿಗೆ ಇದ್ದವರನ್ನೂ ಹೀಗೇ ಕಂಡಿದ್ದೇವೆ. ನಡುರಾತ್ರಿ ನಳದ ಸದ್ದಿಗೆ ಎದ್ದು ಕೊಡ ತುಂಬುವ ಹೆಣ್ಣುಮಕ್ಕಳು ಇರುವುದಿಲ್ಲ, ಅದಕ್ಕೇ ನೀರಿನ ವೇಳೆಯ ಮಾತು ಕ್ಯಾಮೆರಾದ ಮಾತಿನ ಕೆಳಗೆ ಹೂತುಹೋಗುತ್ತದೆ. ಕಟ್ಟಡ ಏಳುವಾಗ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡುವ ಗೌಂಡಿಗಳು ಇರುವುದಿಲ್ಲ. ಮುಖ್ಯವಾಗಿ ಪೌರಕಾರ್ಮಿಕರು ಇರುವುದಿಲ್ಲ.

ಕಸದ ಬಗ್ಗೆ ನಮ್ಮಲ್ಲಿ ಇರುವಷ್ಟು ಸಲಹೆ ಬೇರಾವುದರ ಬಗ್ಗೆಯೂ ಇಲ್ಲ. ಗಾಡಿ ದಿನಾ ಬರಬೇಕು, ಬೇಗ ಬರಬೇಕು, ನಮ್ಮ ಗಲ್ಲಿಯ ಒಳಗೆ ಬರಬೇಕು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆನ್ನುವ ನಿಯಮ 2016ರಿಂದ ಎಲ್ಲ ಪಟ್ಟಣಗಳಿಗೂ ಇದೆ. ಬೆಳಗಿನ ಗಾಡಿಗೆ ನಾವು ಕೊಡುವ ಬಕೆಟ್ಟಿನಲ್ಲಿ ನಿನ್ನೆಯ ಸಾರು, ಒಡೆದ ಗಾಜು, ಮಗುವಿನ ಡೈಪರು ಒಟ್ಟಿಗೇ ಇರುತ್ತವೆ. ಅದನ್ನು ಬೇರೆ ಮಾಡುವುದು ಒಬ್ಬಳ ಕೈ, ಎಷ್ಟೋ ಸಲ ಕೈಗವಸು ಇಲ್ಲದ ಕೈ. ಅವಳನ್ನು ಒಮ್ಮೆ ನಿಲ್ಲಿಸಿ, "ಅಕ್ಕಾ, ನಮ್ಮ ಓಣ್ಯಾಗ ಏನ್ ಸುಧಾರಣಿ ಆಗಬೇಕು?" ಎಂದು ಕೇಳಿದರೆ ಬರುವ ಉತ್ತರಕ್ಕೆ ಪುರಸಭೆಯ ಅನುದಾನ ಬೇಡ. ಗಾಜನ್ನು ಕಾಗದದಲ್ಲಿ ಸುತ್ತಿ ಕೊಡಿ ಎನ್ನುತ್ತಾಳೆ. ಕುಡಿಯಲು ನೀರು ಕೇಳಿದರೆ ಅದನ್ನು ಬೇರೆ ಲೋಟದಲ್ಲಿ ಕೊಡಬೇಡಿ ಎಂದು ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಅದನ್ನು ನಾವೇ ತಿಳಿಯಬೇಕು.

ಇಷ್ಟು ಹೇಳಿದ ಮೇಲೆ, ಜನರೇ ಎಲ್ಲ ಮಾಡಿಕೊಳ್ಳಲಿ ಎಂದು ಸರಕಾರಕ್ಕೆ ರಜೆ ಕೊಡುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ತೆರಿಗೆ ಕಟ್ಟುವವರು ಪಟ್ಟಿಯನ್ನೂ ಎತ್ತಬೇಕು ಎನ್ನುವುದು ಅನ್ಯಾಯ. ಮುಖ್ಯ ಗಟಾರ, ಕುಡಿಯುವ ನೀರು, ದೀಪ ಇವು ಪುರಸಭೆಯ ಕರ್ತವ್ಯ, ಅವನ್ನು ಜಬರದಸ್ತಿನಿಂದಲೇ ಕೇಳಬೇಕು. ಏಪ್ರಿಲ್ ತಿಂಗಳಲ್ಲಿ ಮನೆಪಟ್ಟಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಆ ರಸೀದಿ ಕೈಯಲ್ಲಿ ಹಿಡಿದು ಕೇಳುವವನ ದನಿ ಬೇರೆಯೇ ಇರುತ್ತದೆ, ಕೇಳಿಸಿಕೊಳ್ಳುವವರ ಮುಖವೂ ಬೇರೆ. ನನ್ನ ತಕರಾರು ಇಷ್ಟೇ: ಸಲಹೆ ಕೊಡುವವನು ಅದರಿಂದ ತನಗೇನು ಲಾಭ ಎಂದು ಲೆಕ್ಕ ಹಾಕಿರುತ್ತಾನೆ. ಅದರಿಂದ ಯಾರ ಮನೆಗೆ ನೀರು ತಿರುಗುತ್ತದೆ, ಅದರಲ್ಲಿ ತನ್ನ ಪಾಲೇನು ಎಂಬ ಇನ್ನೆರಡು ಲೆಕ್ಕವನ್ನೂ ಹಾಕಿ ಬಾಯಿ ತೆರೆದರೆ ಅರ್ಧ ಸಲಹೆಗಳು ತಾವಾಗಿಯೇ ಉದುರುತ್ತವೆ, ಉಳಿದರ್ಧಕ್ಕೆ ಎಂಥ ಪುರಸಭೆಯೂ ಇಲ್ಲ ಎನ್ನಲಾರದು.

ಪ್ರತಿ ವರ್ಷ ಆಯವ್ಯಯ ಮಂಡಿಸುವ ಮುನ್ನ ನಮ್ಮ ಪುರಸಭೆಗಳು, ಪಟ್ಟಣ ಪಂಚಾಯಿತಿಗಳು ಸಾರ್ವಜನಿಕರಿಂದ ಸಲಹೆ ಕೇಳಲು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ವಾರ್ಡ್ ಸಮಿತಿ ಇಲ್ಲದ ಊರಿನವರಿಗೆ ಇರುವ ಕಿಂಡಿ ಸದ್ಯಕ್ಕೆ ಇದೊಂದೇ. ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬರುತ್ತದೆ, ಸಭೆಯಲ್ಲಿ ಬಹಳಷ್ಟು ಕುರ್ಚಿ ಖಾಲಿ ಇರುತ್ತವೆ, ಬಂದ ನಾಲ್ಕು ಜನರ ಸಹಿ ಪಡೆದು ಮುಗಿಸುತ್ತಾರೆ. ಈ ಸಲ ನೀವು ಹೋಗಿ. ಒಬ್ಬರೇ ಹೋಗಬೇಡಿ, ಎದುರುಮನೆಯ ಬಾಡಿಗೆಯವರನ್ನು ಕರೆಯಿರಿ, ನಳದ ಹೊತ್ತು ಬಲ್ಲ ಅಕ್ಕನನ್ನು ಕರೆಯಿರಿ. ಹೋಗುವ ಮೊದಲು ಹೊಲ ಮಾರಿದ ಆ ಕಾಕಾನ ಮನೆಗೆ ಹೋಗಿ, ಒಂದು ಕಾಗದದ ಮೇಲೆ ನೀರಿನ ಹಳೆಯ ದಾರಿಯನ್ನು ಅವನ ಕೈಯಿಂದಲೇ ಬರೆಸಿಕೊಳ್ಳಿ. ಪುರಸಭೆಯ ಎಂಜಿನಿಯರರ ಬಳಿ ಇಲ್ಲದ ನಕ್ಷೆ ಅದು.